ಮೂರನೆಯ ಕೊಟೇಶನ್ನಿನ ಕೊನೆಯ ಸಾಲು

ನಾನು ನಿಂತಿದ್ದದ್ದು ಹಾಸಿಗೆಯ ಬಲಕ್ಕೆ, ಹಾಸಿಗೆಗೂ ಕಿಟಕಿಗೂ ನಡುವೆ ಇದ್ದ ಎರಡಡಿ ಜಾಗದಲ್ಲಿ. ಏಪ್ರಿಲ್ ತಿಂಗಳ ಕೊನೆಯ ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹೇರೋಹಳ್ಳಿಯ ಒಂದು ಕಟ್ಟಡದ ಎರಡನೇ ಮಹಡಿ, ಪಶ್ಚಿಮಕ್ಕೆ ಮುಖ ಮಾಡಿದ ಕೋಣೆ. ನನ್ನ ಎಡಗೈಯಲ್ಲಿ ಒದ್ದೆ ಟವೆಲ್ ಇತ್ತು. ಬಲಗೈಯ ಎರಡು ಬೆರಳು ರೋಗಿಯ ಮಣಿಕಟ್ಟಿನ ನಾಡಿಯ ಮೇಲಿದ್ದವು. ಎದುರು ಗೋಡೆಯ ಹತ್ತಿರ ಸ್ಟೂಲಿನ ಮೇಲೆ ನಿಂತು ಎಸಿ ಮೆಕ್ಯಾನಿಕ್ ಹಳೆಯ ಮಿಷನ್ನಿನ ಸ್ಕ್ರೂ ಬಿಚ್ಚುತ್ತಿದ್ದ. ರೋಗಿಯ ಅಣ್ಣ ಬಾಗಿಲಲ್ಲಿದ್ದರು. ನೀನು ಎಲ್ಲಿದ್ದೆ, ಏನು ನೋಡಿದೆ ಎಂದು ಆಮೇಲೆ ಹಲವರು ಕೇಳಿದರು. ಹಾಗಾಗಿ ಇದನ್ನು ಮೊದಲು ಬರೆಯುತ್ತಿದ್ದೇನೆ.

ನಾನು ನರ್ಸ್. ಒಂದು ಏಜೆನ್ಸಿಯ ಮೂಲಕ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ. ಗಂಡು ನರ್ಸುಗಳನ್ನು ಎಲ್ಲ ಕಡೆ ಕರೆಯುವಂತೆ ಆ ಮನೆಯಲ್ಲೂ ನನ್ನನ್ನು ಬ್ರದರ್ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನನ್ನ ಪಾಳಿ. ಉಳಿದ ಹೊತ್ತು ರೋಗಿಯ ಹೆಂಡತಿಯೇ ನೋಡಿಕೊಳ್ಳುತ್ತಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೇರೋಹಳ್ಳಿ ಊರಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಕಟ್ಟಡ ನಿಂತಿತ್ತು. ಕೆಳಗೆ ಎರಡು ಅಂಗಡಿ, ನಡುವೆ ಬಾಡಿಗೆ ಮನೆಗಳು, ಮೇಲೆ ಬಿಸಿಲು ನೇರವಾಗಿ ಬೀಳುವ ತಾರಸಿಯ ಕೆಳಗೆ ಮಾಲೀಕರು. ರೋಗಿಯ ಅಣ್ಣನೇ ಮನೆಯ ಯಜಮಾನರು.

ರೋಗಿಗೆ ನಲವತ್ನಾಲ್ಕು ವರ್ಷ. ಮೂರು ವರ್ಷದ ಹಿಂದೆ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಅಗೆದು ಬಿಟ್ಟಿದ್ದ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಅವರ ಕುತ್ತಿಗೆಯ ಮೂಳೆ ಮುರಿದಿತ್ತು. ಭುಜ ಎತ್ತುತ್ತಿದ್ದರು, ಮೊಣಕೈ ಮಡಚುತ್ತಿದ್ದರು. ಅದರ ಕೆಳಗೆ ಚಲನೆಯೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ಕುತ್ತಿಗೆಯಲ್ಲಿ ಬೆನ್ನುಹುರಿ ಜಜ್ಜಿಹೋದವರ ಕೈಕಾಲು ನಿಂತುಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಬೆವರುವುದೂ ನಿಂತುಹೋಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಮೈ ಬೆವರಿ ತಣ್ಣಗಾಗುತ್ತದೆ. ಅವರ ಮೈಗೆ ಆ ದಾರಿ ಇರಲಿಲ್ಲ. ಕೋಣೆ ಕಾದರೆ ಮೈಯೂ ಅದರ ಜೊತೆ ಕಾಯುತ್ತಿತ್ತು. ಆದ್ದರಿಂದ ಆ ಕೋಣೆಯ ಎಸಿ ಸುಖಕ್ಕೆ ಹಾಕಿದ್ದಲ್ಲ, ಆಮ್ಲಜನಕದ ಸಿಲಿಂಡರಿನ ಹಾಗೆ ಅದೂ ಚಿಕಿತ್ಸೆಯ ಭಾಗವೇ. ಕೋಣೆಯ ಉಷ್ಣತೆ ಇಪ್ಪತ್ತಾರು ಡಿಗ್ರಿ ದಾಟಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಗೋಡೆಯ ಮೇಲೆ ಒಂದು ಥರ್ಮಾಮೀಟರ್ ಇತ್ತು. ಕೋಣೆಯ ಉಷ್ಣತೆ ಒಂದು ಕಾಲಂ, ಮೈಯ ಉಷ್ಣತೆ ಇನ್ನೊಂದು ಕಾಲಂ, ಹೀಗೆ ಪುಸ್ತಕದಲ್ಲಿ ದಿನವೂ ಬರೆಯುತ್ತಿದ್ದೆ.

ಆ ಎಸಿ ಮೊದಲು ಯಜಮಾನರ ಮಲಗುವ ಕೋಣೆಯಲ್ಲಿತ್ತು. ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅದನ್ನು ಕೀಳಿಸಿ ಈ ಕೋಣೆಗೆ ಹಾಕಿಸಿ, ತಾವು ಫ್ಯಾನಿನ ಕೆಳಗೆ ಮಲಗಿದವರು ಅವರು. ಮುಂದೆ ಬರೆಯುವುದನ್ನು ಓದಿ ಅವರನ್ನು ಜಿಪುಣರು ಎಂದು ಯಾರಾದರೂ ತಿಳಿದರೆ ಅದು ತಪ್ಪು.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಎಸಿಯ ಗಾಳಿ ತಣ್ಣಗಿಲ್ಲ ಅನ್ನಿಸಿತು. ಕೈ ಒಡ್ಡಿ ನೋಡಿದೆ. ಫ್ಯಾನಿನ ಗಾಳಿಯಂತೆ ಬರುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಹೊರಗಿನ ಮಿಷನ್ನಿಗೆ ಹೋಗುವ ಸಣ್ಣ ಪೈಪಿನ ಮೇಲೆ ಬಿಳಿಯ ಮಂಜು ಕಟ್ಟಿತ್ತು. ಹನ್ನೊಂದಕ್ಕೆ ಕೋಣೆ ಇಪ್ಪತ್ತೊಂಬತ್ತು, ಮೂರಕ್ಕೆ ಮೂವತ್ತೆರಡು. ರೋಗಿಯ ಮೈ ತೊಂಬತ್ತೊಂಬತ್ತೂವರೆ. ಕಿಟಕಿಗೆ ಒದ್ದೆ ಬೆಡ್‌ಶೀಟು ಕಟ್ಟಿದೆ, ಮೈ ಒರೆಸಿದೆ, ಫ್ಯಾನು ಹಾಕಿದೆ. ಯಜಮಾನರನ್ನು ಕರೆದು ಹೇಳಿದೆ.

"ಇವತ್ತೇ ಯಾರನ್ನಾದ್ರೂ ಕರೆಸ್ಬೇಕು ಸರ."

"ಮೂರು ಜನನ್ನ ಕರೆಸ್ತೀನಿ ಬ್ರದರ್. ಒಬ್ಬನ ಮಾತು ಕೇಳಿ ಕೈ ಹಾಕಿದ್ರೆ ತಲೆ ಬೋಳಿಸ್ತಾರೆ. ನನಗೆ ಆಗಿದೆ."

ಅವರಿಗೆ ಆಗಿತ್ತು ನಿಜ. ಅಪಘಾತದ ಹೊಸತರಲ್ಲಿ ಒಬ್ಬ ಬಂದು, ನಡೆಯಲು ಕಲಿಸುವ ಯಂತ್ರ ಎಂದು ಏನನ್ನೋ ಮಾರಿ ಹೋಗಿದ್ದ. ಅದು ತಾರಸಿಯ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಅದಕ್ಕೂ ಮೊದಲು ಈ ಕಟ್ಟಡವನ್ನು ಅವರೇ ನಿಂತು ಕಟ್ಟಿಸಿದ್ದರು. ಕಬ್ಬಿಣ, ಟೈಲ್ಸ್, ಕಿಟಕಿ, ಪ್ರತಿಯೊಂದಕ್ಕೂ ಮೂರು ಕೊಟೇಶನ್. ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು, ಒಬ್ಬನ ರೇಟು ಇನ್ನೊಬ್ಬನಿಗೆ ಹೇಳಿ ಇಳಿಸುವುದು. ಆ ಕ್ರಮ ಅವರಿಗೆ ಒಂದು ಕಟ್ಟಡವನ್ನೇ ಕಟ್ಟಿಕೊಟ್ಟಿತ್ತು.

"ನೀವೇ ಬರೆದಿಡಿ. ನೀವು ಇಲ್ಲೇ ಇರ್ತೀರಾ, ಯಾರು ಏನಂದ್ರು ಅಂತ ನಿಮಗೇ ಗೊತ್ತಿರುತ್ತೆ. ಅಕ್ಷರನೂ ಮುತ್ತಿನ ಹಂಗಿದೆ," ಎಂದರು.

ಮಲಗಿದ್ದಲ್ಲಿಂದಲೇ ರೋಗಿ ನಕ್ಕರು. "ಏನಣ್ಣಾ, ಎಸಿಗೆ ಗಂಡು ನೋಡ್ತಾ ಇದೀಯಾ? ಮೂರು ಜನ ಬಂದು ನೋಡ್ಕೊಂಡು ಹೋಗೋದಾದ್ರೆ ಉಪ್ಪಿಟ್ಟು ಕೇಸರಿಬಾತ್ ಮಾಡಿಸ್ಬೇಕು."

"ಸುಮ್ನೆ ಮಲಕ್ಕೊಳ್ಳೋ."

"ಇನ್ನೇನು ಮಾಡ್ತಾ ಇದೀನಿ ನಾನು ಮೂರು ವರ್ಷದಿಂದ?"

ಪುಸ್ತಕದ ಕೊನೆಯ ಹಾಳೆಯಲ್ಲಿ ನಾನು ಕಾಲಂ ಎಳೆದೆ. ವಿವರ, ಒಂದು, ಎರಡು, ಮೂರು. ಬರೆಯುವಾಗ ನನಗೆ ಖುಷಿಯಾಗಿತ್ತು. ಬಾದಾಮಿ ಕಡೆಯ ಊರಿನಿಂದ ಬಂದು ಬಾಪೂಜಿ ನಗರದ ಒಂದು ಕೋಣೆಯಲ್ಲಿ ಮೂವರ ಜೊತೆ ಇದ್ದವನು ನಾನು. ಒಂದು ಮನೆಯ ಯಜಮಾನರು ತಮ್ಮ ತೀರ್ಮಾನದ ಕಾಗದವನ್ನು ನನ್ನ ಕೈಯಲ್ಲಿ ಬರೆಸಿದ್ದು ಅದೇ ಮೊದಲು.

ಮೊದಲನೆಯವರು ಸೋಮವಾರ ಸಂಜೆ ನಾಲ್ಕಕ್ಕೆ ಬಂದರು. ಚಂದ್ರಾ ಲೇಔಟಿನಲ್ಲಿ ಅಂಗಡಿ, ವಯಸ್ಸು ಐವತ್ತರ ಮೇಲೆ, ಕನ್ನಡಕ. ಹೊರಗಿನ ಮಿಷನ್ನಿಗೆ ಗ್ಯಾಸಿನ ಒತ್ತಡ ಅಳೆಯುವ ಗೇಜು ಸಿಕ್ಕಿಸಿ ನನಗೂ ತೋರಿಸಿದರು. ಅರವತ್ತರ ಮೇಲೆ ಇರಬೇಕಾದ ಮುಳ್ಳು ಇಪ್ಪತ್ತೈದರಲ್ಲಿ ನಿಂತಿತ್ತು. ಒಳಗಿನ ಮಿಷನ್ನಿನ ಮುಚ್ಚಳ ತೆಗೆದು, ಸೋಪಿನ ನೊರೆಯನ್ನು ತಾಮ್ರದ ಕಾಯಿಲಿನ ಮೇಲೆ ಸವರಿ, ಟಾರ್ಚ್ ಹಿಡಿದು ಕಾದರು. ಗ್ಯಾಸ್ ಸೋರುತ್ತಿದ್ದ ಎರಡು ಕಡೆ ಸಣ್ಣ ಗುಳ್ಳೆ ಎದ್ದವು.

"ನೋಡಿ, ಇಲ್ಲೊಂದು, ಇಲ್ಲೊಂದು. ಕಣ್ಣಿಗೆ ಕಾಣೋದು ಎರಡು. ಕಾಣದೇ ಇರೋದು ಎಷ್ಟೋ. ಬೆಸುಗೆ ಹಾಕಿದ್ರೆ ಪಕ್ಕದಲ್ಲಿ ಇನ್ನೊಂದು ಬಿಡುತ್ತೆ. ಕಾಯಿಲ್ ಹೋಗಿದೆ ಸಾರ್."

ಕಾಯಿಲ್ ಮಾತ್ರ ಬದಲಿಸಲು ಹದಿನಾಲ್ಕು ಸಾವಿರ. ಒಂಬತ್ತು ವರ್ಷದ ಹಳೆಯ ಮಿಷನ್ನಿಗೆ ಆ ಕಾಯಿಲ್ ಹುಡುಕಿ ತರಲು ಒಂದು ವಾರ. ಹೊಸ ಮಿಷನ್ನಾದರೆ ಪೈಪು, ಬ್ರ್ಯಾಕೆಟ್, ಕೂಲಿ ಎಲ್ಲ ಸೇರಿ ಐವತ್ತೆರಡು ಸಾವಿರ. ಬುಧವಾರ ಹಾಕಿಕೊಡುತ್ತೇನೆ ಎಂದರು. ಬರೆದುಕೊಂಡೆ.

ಮಂಗಳವಾರ ಬೆಳಿಗ್ಗೆ ಎರಡನೆಯವನು ಬಂದ. ಅಂಗಡಿಯ ಬಾಡಿಗೆದಾರರು ಹೇಳಿ ಕಳಿಸಿದವನು. ಗೇಜು ಹಾಕಿದ, ಸೋಪು ಸವರಲಿಲ್ಲ. "ಗ್ಯಾಸ್ ಕಮ್ಮಿ ಅಷ್ಟೇ ಸಾರ್. ಹೊಸದು ಯಾಕೆ? ಟಾಪ್ ಅಪ್ ಮಾಡಿದ್ರೆ ಇನ್ನೆರಡು ವರ್ಷ ಓಡುತ್ತೆ ಗಾಡಿ," ಎಂದ. ಎರಡೂವರೆ ಸಾವಿರ. ಬದಲಿಸುವುದೇ ಆದರೆ ಹೊಸ ಮಿಷನ್ನಿಗೆ ನಲವತ್ತೇಳು. ಅದನ್ನೂ ಬರೆದುಕೊಂಡೆ.

ಆ ದಿನ ಕೋಣೆ ಮೂವತ್ಮೂರಕ್ಕೆ ಹೋಯಿತು. ಮೈ ನೂರು ದಾಟಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ ಬೆನ್ನು ಕಾವಲಿಯ ಹಾಗೆ ಬಿಸಿಯಾಗಿತ್ತು, ಒಣಗಿತ್ತು. ಕೆಳಗಿನ ಬಾಡಿಗೆ ಮನೆಯವರು, ಬೇಕಾದರೆ ನಮ್ಮ ಕೋಣೆ ಬಿಟ್ಟುಕೊಡುತ್ತೇವೆ, ಅಲ್ಲಿ ತಂಪು ಎಂದರು. ಗಾಳಿಹಾಸಿಗೆ, ಮೋಟಾರು ಮಂಚ, ಕಿರಿದಾದ ಮೆಟ್ಟಿಲು, ಹಿಂದಿನ ವರ್ಷ ಮಾಗಲು ಐದು ತಿಂಗಳು ಹಿಡಿದ ಸೊಂಟದ ಹುಣ್ಣು ಇವನ್ನೆಲ್ಲ ಯೋಚಿಸಿ ನಾನು ಬೇಡ ಎಂದೆ. ಒಂದೆರಡು ದಿನದ ಮಾತು ತಾನೇ ಎಂದೂ ಹೇಳಿದೆ.

ಮೂರನೆಯವನು ಮಂಗಳವಾರ ಸಂಜೆ ಐದೂವರೆಗೆ ಬಂದ. ಮೂವತ್ತರ ಆಸುಪಾಸಿನವನು, ಚುರುಕು. ಅವನೂ ಸೋಪು ಹಾಕಿ ನೋಡಿ, ಮೊದಲನೆಯವರು ಹೇಳಿದ್ದನ್ನೇ ಹೇಳಿದ. ಹೊಸದಕ್ಕೆ ನಲವತ್ತೊಂಬತ್ತೂವರೆ, ಗುರುವಾರ ಅಥವಾ ಶುಕ್ರವಾರ. ಅವನು ಮಾತ್ರ ಮಂಚದ ಹತ್ತಿರ ಬಂದು ರೋಗಿಯನ್ನೇ ಮಾತಾಡಿಸಿದ.

"ಏನಣ್ಣ, ಬೆವರೇ ಇಲ್ವಲ್ಲ ನಿಮಗೆ. ನಾವು ನೋಡಿ ಸ್ನಾನ ಮಾಡಿದಂಗೆ ಆಗಿದೀವಿ."

"ಅದೊಂದು ಉಳಿತಾಯ ಗುರು. ಬಟ್ಟೆ ಒಗೆಯೋದು ಕಮ್ಮಿ."

ನಾನು ವಿಷಯ ವಿವರಿಸಿದೆ. ಅವನ ನಗು ನಿಂತಿತು. ಯಜಮಾನರ ಕಡೆ ತಿರುಗಿ, "ಹಂಗಾದ್ರೆ ಒಂದ್ ಕೆಲಸ ಮಾಡಿ ಸಾರ್. ನನ್ನ ಹತ್ರ ಗಾಲಿ ಮೇಲೆ ನಿಲ್ಲೋ ಎಸಿ ಒಂದಿದೆ, ಬಾಡಿಗೆಗೆ ಕೊಡ್ತೀನಿ. ಪೈಪು ಕಿಟಕಿಯಿಂದ ಹೊರಗೆ ಬಿಟ್ರೆ ಆಯ್ತು. ಹೊಸದು ಬರೋವರೆಗೂ ನಡೆಯುತ್ತೆ. ದಿನಕ್ಕೆ ಎಂಟುನೂರು. ಹೇಳಿದ್ರೆ ನಾಳೆ ಬೆಳಿಗ್ಗೆನೇ ತಂದಿಡ್ತೀನಿ," ಎಂದ.

ಅವನ ಕೊಟೇಶನ್ನಿನ ಕೊನೆಯ ಸಾಲಾಗಿ ಅದನ್ನು ಬರೆದೆ.

ಆರು ಗಂಟೆಗೆ ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಮೂರು ಕಾಲಂಗಳನ್ನೂ ಬೆರಳಿಟ್ಟು ಓದಿದರು. ಒಬ್ಬನದರಲ್ಲಿ ಸ್ಟೆಬಿಲೈಸರ್ ಸೇರಿತ್ತು, ಇನ್ನೊಬ್ಬನದರಲ್ಲಿ ಇರಲಿಲ್ಲ. ಒಬ್ಬ ಹಳೆಯದನ್ನು ತೆಗೆದುಕೊಂಡು ಬೆಲೆ ಇಳಿಸುತ್ತೇನೆ ಎಂದಿದ್ದ, ಉಳಿದವರು ಹೇಳಿರಲಿಲ್ಲ. ಹೀಗೆ ಇದ್ದರೆ ಯಾವುದು ಕಮ್ಮಿ ಎಂದು ತಿಳಿಯುವುದಿಲ್ಲ.

"ಮೂರರಲ್ಲೂ ಇರೋದನ್ನ ಮಾತ್ರ ಇಟ್ಕೋಬೇಕು ಬ್ರದರ್. ಒಬ್ಬನಲ್ಲಿ ಮಾತ್ರ ಇರೋದೆಲ್ಲ ಹೊಡೆದ್ಹಾಕಿ. ಇಲ್ಲಾಂದ್ರೆ ಲೆಕ್ಕ ಕೂರಲ್ಲ. ಟೈಲ್ಸ್‌ನವನು ಹಿಂಗೇ ಕೊನೇಲಿ ಏನೇನೋ ಸೇರಿಸಿ ನನ್ನ ದಾರಿ ತಪ್ಪಿಸಿದ್ದ."

ಸ್ಟೆಬಿಲೈಸರ್ ಹೊಡೆದೆ. ಹಳೆಯದರ ಬೆಲೆ ಹೊಡೆದೆ. ಗಾಲಿಯ ಎಸಿ ಮೂರನೆಯವನದರಲ್ಲಿ ಮಾತ್ರ ಇತ್ತು. ಮಾತ್ರೆಯ ಸ್ಟ್ರಿಪ್ಪಿನ ಅಂಚನ್ನು ಹಾಳೆಯ ಮೇಲಿಟ್ಟು, ಗೆರೆ ಸೊಟ್ಟ ಆಗದಂತೆ, ಅದನ್ನೂ ಹೊಡೆದೆ. ಯಜಮಾನರು ಅದರ ಹೆಸರು ಹೇಳಿ ಹೊಡೆಯಿರಿ ಎನ್ನಲಿಲ್ಲ. ಇದು ಹೋಲಿಕೆಗೆ ಮಾತ್ರ, ಬಾಡಿಗೆಗೆ ತರಿಸುವುದು ಬೇರೆ ಮಾತು ಎಂದು ಹೇಳಲು ನನಗೆ ಬಾಯಿತ್ತು. ಡಾಕ್ಟರು ಬರೆದ ಇಪ್ಪತ್ತಾರು ಎಂಬ ಅಂಕಿ ಅದೇ ಪುಸ್ತಕದ ಮೊದಲ ಹಾಳೆಯಲ್ಲಿತ್ತು. ಆ ಹೊತ್ತಿನಲ್ಲಿ ಪುಸ್ತಕದ ಕೊನೆಯ ಹಾಳೆಯನ್ನು ಅಚ್ಚುಕಟ್ಟಾಗಿ ಮುಗಿಸುವುದರಲ್ಲಿ ನನ್ನ ಮನಸ್ಸಿತ್ತು.

ಬುಧವಾರ ಎಂಟು ಗಂಟೆಗೆ ನಾನು ಬಂದಾಗ ಅಕ್ಕ ಬಾಗಿಲಲ್ಲೇ ಸಿಕ್ಕರು. ರಾತ್ರಿಯೆಲ್ಲ ಬೀಸಣಿಗೆ ಹಿಡಿದಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಬ್ರದರ್, ಅದ್ಯಾವುದೋ ಗಾಲಿ ಮಿಷನ್ ಅಂತಿದ್ನಲ್ಲ ಆ ಹುಡುಗ, ಅದೇನಾಯ್ತು?"

"ಅದು ಉಳಿದ ಎರಡರಾಗ ಇಲ್ಲಕ್ಕಾ. ಪಟ್ಟಿಯಿಂದ ತೆಗೆದೀವಿ."

ಅವರು ನನ್ನ ಮುಖ ನೋಡಿದರು. ನನ್ನ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಅದರಲ್ಲಿ ಅರ್ಥವಾಗುವಂಥದ್ದೂ ಇರಲಿಲ್ಲ. "ಭಾವನ ಹತ್ರ ನಾನು ಕೇಳಲಾ?" ಎಂದರು. ನಾನು, "ನಾನಽ ಮಾತಾಡ್ತೀನಿ ತಗೋರಿ," ಎಂದೆ.

ಮಾತಾಡಿದೆ. ಆದರೆ ಅಷ್ಟರಲ್ಲಿ ಯಜಮಾನರು ಬೇರೆ ಯೋಚನೆ ಮಾಡಿದ್ದರು. ಹೊಸದರ ಬೆಲೆಯ ಬಗ್ಗೆ ಇನ್ನೂ ಮಾತು ನಡೆಯುತ್ತಿತ್ತು. ಎರಡನೆಯವನ ನಲವತ್ತೇಳಕ್ಕೆ ಮೂರನೆಯವನು ಇಳಿಯುತ್ತಾನೆಯೇ ಎಂದು ಕಾಯುತ್ತಿದ್ದರು. "ಅಲ್ಲೀವರೆಗೆ ಏನು ಮಾಡೋಣ ಬ್ರದರ್? ಗ್ಯಾಸ್ ಹಾಕಿಸ್ಬಿಡೋಣ್ವಾ, ಇಲ್ಲಾ ಆ ಬಾಡಿಗೆದು ತರಿಸೋದಾ? ನೀವು ಹೇಳಿ, ನಿಮಗೆ ಗೊತ್ತಿರೋದು," ಎಂದು ನನ್ನನ್ನೇ ಕೇಳಿದರು.

ಮೊದಲನೆಯವರಿಗೆ ಫೋನ್ ಮಾಡಿ ಕೇಳಿದೆ. "ಹಾಕಿಸ್ಕೊಳ್ಳಿ, ತಣ್ಣಗಾಗುತ್ತೆ. ಎಷ್ಟು ದಿನ ಅಂತ ಮಾತ್ರ ನನ್ನ ಕೇಳ್ಬೇಡಿ. ಒಂದ್ ವಾರನೂ ಇರಬಹುದು, ನಾಳೆನೇ ಹೋಗಬಹುದು. ನಾನಂತೂ ಹಾಕಿಕೊಡಲ್ಲ," ಎಂದರು.

ನಾನು ಒಂದು ವಾರ ಎಂಬುದನ್ನು ಕೇಳಿಸಿಕೊಂಡೆ. ಗಾಲಿಯ ಎಸಿ ಬರುವ ಹೊತ್ತಿಗೆ ಹನ್ನೊಂದು ಗಂಟೆಯಾಗಬಹುದು, ಎರಡನೆಯವನು ಅರ್ಧ ಗಂಟೆಯಲ್ಲಿ ಬರುತ್ತಾನೆ, ಕೋಣೆ ಆಗಲೇ ಮೂವತ್ತಾಗಿದೆ ಎಂದು ಲೆಕ್ಕ ಹಾಕಿದೆ. "ಗ್ಯಾಸ್ ಹಾಕಸ್ರಿ ಸರ," ಎಂದೆ. ಎರಡನ್ನೂ ಮಾಡಿಸಿ ಎಂದು ಹೇಳಬಹುದಿತ್ತು. ಎರಡರಲ್ಲಿ ಒಂದನ್ನು ಆರಿಸುವುದೇ ನನ್ನ ಕೆಲಸ ಎಂದು ಎರಡು ದಿನದಿಂದ ರೂಢಿಯಾಗಿಬಿಟ್ಟಿತ್ತು.

ಒಂಬತ್ತೂವರೆಗೆ ಗ್ಯಾಸ್ ತುಂಬಿದ. ಮುಳ್ಳು ಅರವತ್ತೈದಕ್ಕೆ ಬಂತು. ಹನ್ನೆರಡಕ್ಕೆ ಕೋಣೆ ಇಪ್ಪತ್ತಾರು, ಎರಡಕ್ಕೆ ಇಪ್ಪತ್ತೈದು. ರೋಗಿಯ ಮೈ ತೊಂಬತ್ತೆಂಟೂವರೆಗೆ ಇಳಿಯಿತು. ಮೂರು ದಿನದ ನಂತರ ಅವರು ಪೂರ್ತಿ ಊಟ ಮಾಡಿದರು. ಅಕ್ಕ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು.

"ಬ್ರದರ್ರೀ," ಎಂದು ರೋಗಿ ನನ್ನ ಮಾತನ್ನು ಅಣಕಿಸಿ ಕರೆದರು. "ನಿಮ್ಮ ಕಡೆ ಬಿಸಿಲು ಇದಕ್ಕಿಂತ ಜೋರಂತಲ್ರೀ. ನನ್ನಂಥೋನು ಅಲ್ಲಿ ಹುಟ್ಟಿದ್ರೆ ಏನ್ರೀ ಗತಿ?"

"ಅಲ್ಲೆ ಹುಟ್ಟಿದ್ರ ನೀವು ಇಂಥಾ ರೋಡಿನ್ಯಾಗ ಬೀಳ್ತಿರಲಿಲ್ಲ ಬಿಡ್ರಿ. ನಮ್ಮೂರಾಗ ರೋಡೇ ಇಲ್ಲ."

ಅವರು ಬಹಳ ನಕ್ಕರು. ಉಸಿರಿನ ಸ್ನಾಯುಗಳಿಗೆ ಬಲವಿಲ್ಲದ್ದರಿಂದ ಅವರ ನಗು ಸಣ್ಣದಾಗಿ, ತುಂಡುತುಂಡಾಗಿ ಬರುತ್ತಿತ್ತು. ಯಜಮಾನರಿಗೂ ನೆಮ್ಮದಿಯಾಯಿತು. ಇನ್ನು ಅವಸರವಿಲ್ಲ ಎಂದು ಮೂರನೆಯವನ ಜೊತೆ ಇನ್ನೊಂದು ಸುತ್ತು ಮಾತಾಡಿದರು. ಸಂಜೆ ಅವನು ನಲವತ್ತೇಳೂವರೆಗೆ ಬಂದ. ಶನಿವಾರ ಹಾಕುವುದೆಂದು ಮಾತಾಯಿತು.

ಗುರುವಾರ ನಾನು ಬರುವ ಹೊತ್ತಿಗೆ ಕೋಣೆ ಇಪ್ಪತ್ತೊಂಬತ್ತಾಗಿತ್ತು. ಬೆಳಗಿನ ಜಾವದಿಂದ ಗಾಳಿ ಬೆಚ್ಚಗಿದೆ ಎಂದು ಅಕ್ಕ ಹೇಳಿದರು. ಎರಡನೆಯವನು ಫೋನ್ ಎತ್ತಲಿಲ್ಲ. ಮೂರನೆಯ ಸಲ ಎತ್ತಿದವನು, "ಮಿಷನ್ ಹಳೇದಲ್ವಾ ಸಾರ್, ನಾನೇನು ಮಾಡ್ಲಿ?" ಎಂದ. ಯಜಮಾನರು ಮತ್ತೆ ಚೌಕಾಸಿಗೆ ಹೋಗಲಿಲ್ಲ. ಮೂರನೆಯವನಿಗೆ ಫೋನ್ ಮಾಡಿ, "ಎಷ್ಟಾದ್ರೂ ಆಗ್ಲಿ ಕಣಪ್ಪ, ಈಗ್ಲೇ ತಗೊಂಡ್ ಬಾ," ಎಂದರು. ಗೋಡೌನಿನಿಂದ ಮಿಷನ್ ಬಿಡಿಸಿಕೊಂಡು ಮೂರು ಗಂಟೆಗೆ ಬರುತ್ತೇನೆ ಎಂದ. ನಾನು ಫೋನ್ ಇಸಿದುಕೊಂಡು ಗಾಲಿಯ ಎಸಿ ಕೇಳಿದೆ.

"ನಿನ್ನೆ ಸಂಜೆ ಹೋಯ್ತು ಬ್ರದರ್. ಮದುವೆ ಮನೆಯವರು ತಗೊಂಡ್ರು, ಗಂಡಿನ ಕಡೆಯವರ ರೂಮಿಗೆ. ಇರೋದೇ ಒಂದು. ನೀವು ಮಂಗಳವಾರ ಹೇಳಿದ್ರೆ ತೆಗೆದಿಡ್ತಾ ಇದ್ದೆ."

ಬೇರೆ ಬಾಡಿಗೆಯವರನ್ನು ಹುಡುಕಿದೆ. ಆ ವಾರ ಯಾರ ಹತ್ತಿರವೂ ಇರಲಿಲ್ಲ. ಹನ್ನೊಂದಕ್ಕೆ ಕೋಣೆ ಮೂವತ್ಮೂರು, ಮೈ ನೂರು ಪಾಯಿಂಟ್ ನಾಲ್ಕು. ಒಂದು ಗಂಟೆಗೆ ಮೂವತ್ತಾರು, ನೂರಾ ಎರಡು. ಕಂಕುಳು, ತೊಡೆಸಂದಿಗಳಲ್ಲಿ ಐಸ್ ಇಟ್ಟೆ. ಒದ್ದೆ ಬಟ್ಟೆಯ ಮೇಲೆ ಫ್ಯಾನು ಬಿಟ್ಟೆ. ಡಾಕ್ಟರಿಗೆ ಫೋನ್ ಮಾಡಿದೆ. ಮೂತ್ರದ ನಳಿಕೆ ಇರುವವರಿಗೆ ಸೋಂಕಿನ ಜ್ವರ ಸಾಮಾನ್ಯ. ಡಾಕ್ಟರಿಗೆ ಮೊದಲು ಬಂದ ಅನುಮಾನ ಅದೇ. ಕೋಣೆಯ ಮತ್ತು ಮೈಯ ಅಂಕಿಗಳನ್ನು ನಾಲ್ಕು ದಿನದ್ದೂ ಜೋಡಿ ಜೋಡಿಯಾಗಿ ಓದಿದೆ. ಕೇಳಿ ಅವರು, "ನೂರಾ ಮೂರು ಮುಟ್ಟಿದ್ರೆ ಕಾಯಬೇಡಿ, ಕರ್ಕೊಂಡು ಬನ್ನಿ," ಎಂದರು.

ಒಂದೂ ಮುಕ್ಕಾಲಿಗೆ ನೂರಾ ಮೂರು ಮುಟ್ಟಿತು. ಹೋಗೋಣ ಎಂದೆ. ರೋಗಿ ಒಪ್ಪಲಿಲ್ಲ. ಹಿಂದಿನ ಸಲ ಆಸ್ಪತ್ರೆಗೆ ಹೋದಾಗ ನಲವತ್ತು ದಿನ ಇದ್ದು ಸೊಂಟದ ಹುಣ್ಣಿನೊಂದಿಗೆ ಮನೆಗೆ ಬಂದಿದ್ದರು.

"ಮೂರು ಗಂಟೆಗೆ ಮಿಷನ್ ಬರುತ್ತಲ್ಲ ಬ್ರದರ್. ಒಂದ್ ಗಂಟೆ ತಾನೆ. ಅಲ್ಲಿಗೆ ಬೇಡ. ಅಣ್ಣಾ, ನೀನು ಹೇಳು."

ಯಜಮಾನರು ಫೋನ್ ಮಾಡಿ ಕೇಳಿ, "ವಿಜಯನಗರ ದಾಟಿದಾನಂತೆ," ಎಂದು ನನ್ನ ಮುಖ ನೋಡಿದರು. ಅಕ್ಕನೂ ನೋಡಿದರು. ಆಂಬುಲೆನ್ಸ್ ಕರೆಯಲು ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಏಜೆನ್ಸಿಯವರು ಮೊದಲ ದಿನವೇ ಹೇಳಿಕೊಡುವ ಮಾತು ಅದು. "ಮೂರರ ತನಕ ನೋಡೋಣ್ರಿ," ಎಂದೆ.

ಆ ಮೂರನೆಯ ಮೆಕ್ಯಾನಿಕ್ ಎರಡೂ ಐವತ್ತಕ್ಕೆ ಬಂದ. ಹೊಸ ಮಿಷನ್ನಿನ ಡಬ್ಬ ಮೆಟ್ಟಿಲ ಮೇಲಿತ್ತು. ಹಳೆಯದನ್ನು ಬಿಚ್ಚಲು ಎಸಿ ನಿಲ್ಲಿಸಿದ. ಹೇಗೂ ಅದರಿಂದ ಉಪಯೋಗವಿರಲಿಲ್ಲ. ಕೋಣೆ ಮೂವತ್ತೇಳು. ಮೈ ನೂರಾ ನಾಲ್ಕು ಪಾಯಿಂಟ್ ಆರು. ಇದನ್ನು ನಾನು ಜೋರಾಗಿ ಹೇಳಿದೆ. ಯಜಮಾನರು ತಕ್ಷಣ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ಐಸ್ ತರಲು ಅಕ್ಕ ಅಡುಗೆಮನೆಗೆ ಹೋದರು. ಆಗ ಮೂರು ಗಂಟೆ ಏಳು ನಿಮಿಷ.

ನಾನು ಟವೆಲನ್ನು ಹಿಂಡಿ ಎದೆಯ ಮೇಲೆ ಎಳೆದೆ. ನೀರಿನ ಹನಿಗಳು ಅಲ್ಲಲ್ಲಿ ನಿಂತವು. ಎದೆಯ ಮೇಲೆ ಅವರಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಮಾತ್ರ ಕಾಣುತ್ತಿತ್ತು. ದಿಂಬಿನ ಮೇಲಿಂದ ಕೆಳಗೆ ನೋಡಿದರು. ಮಾತು ತೊದಲುತ್ತಿತ್ತು.

"ಬ್ರದರ್... ಎದೆ ಮೇಲೆ ಹೊಳೀತಾ ಇದೆ. ಬೆವರಾ?"

"ಅಲ್ರಿ. ಟವೆಲಿನ ನೀರು," ಎಂದೆ.

"ಹೌದಾ," ಎಂದರು.

ಮೂರೂ ಹತ್ತಕ್ಕೆ ಅವರ ಕಣ್ಣು ಮೇಲಕ್ಕೆ ಹೋದವು. ದವಡೆ ಬಿಗಿಯಿತು, ಭುಜಗಳು ಅದುರತೊಡಗಿದವು. ನನ್ನ ಬೆರಳ ಕೆಳಗೆ ನಾಡಿ ಎಣಿಸಲಾಗದಷ್ಟು ವೇಗವಾಗಿ ಓಡಿತು. ಮೆಕ್ಯಾನಿಕ್ ಸ್ಟೂಲಿನಿಂದ ಹಾರಿದ. ಯಜಮಾನರು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, "ಲೋ, ಲೋ," ಎಂದು ತಮ್ಮನನ್ನು ಕೂಗಿದರು. ನಾನು ಮಗ್ಗುಲಿಗೆ ತಿರುಗಿಸಿ ಬಾಯಿಯ ನೊರೆ ತೆಗೆದೆ.

ಚರಂಡಿಗೆ ಅಗೆದಿದ್ದರಿಂದ ಆಂಬುಲೆನ್ಸ್ ಕ್ರಾಸಿನಲ್ಲೇ ನಿಂತಿತು. ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಮೆಟ್ಟಿಲು ಇಳಿಸಿದೆವು: ಯಜಮಾನರು, ಮೆಕ್ಯಾನಿಕ್, ಕೆಳಗಿನ ಬಾಡಿಗೆಯವರು, ನಾನು. ಆಸ್ಪತ್ರೆ ತಲುಪಿದಾಗ ಮೈ ನೂರಾ ಆರು. ತಣ್ಣನೆಯ ಸಲೈನು ಕೊಟ್ಟರು, ಐಸಿನಲ್ಲಿ ಸುತ್ತಿದರು, ಉಷ್ಣ ಇಳಿಯಿತು. ಎಚ್ಚರ ಬರಲಿಲ್ಲ. ಮೂತ್ರದಲ್ಲಿ ಸೋಂಕು ಇರಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತೀರಿಕೊಂಡರು.

ಹನ್ನೊಂದನೆಯ ದಿನ ಹೋಗಿದ್ದೆ. ಯಜಮಾನರು ತಾರಸಿಯ ಶಾಮಿಯಾನದ ಕೆಳಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆ ಪುಸ್ತಕ ಅವರ ಹತ್ತಿರವೇ ಉಳಿದಿತ್ತು. ಕೊನೆಯ ಹಾಳೆಯನ್ನು ಎಷ್ಟು ಸಲ ನೋಡಿದ್ದರೋ, ಅದು ಮಡಿಕೆಯಲ್ಲಿ ಹರಿಯಲಾಗಿತ್ತು.

"ನೀವು ಸರಿಯಾಗೇ ಬರೆದಿದ್ರಿ ಬ್ರದರ್. ಮತ್ತೆ ಮತ್ತೆ ಕೂಡಿ ನೋಡಿದೆ. ತಪ್ಪು ಎಲ್ಲೂ ಇಲ್ಲ," ಎಂದರು. ಅದನ್ನು ಅವರು ನನಗೆ ಸಮಾಧಾನವಾಗಲೆಂದು ಹೇಳಿದರೋ ತಮಗೋ ನನಗೆ ತಿಳಿಯಲಿಲ್ಲ. ಹೊಡೆದ ಸಾಲಿನ ಮೇಲೆ ಅವರ ಹೆಬ್ಬೆರಳಿತ್ತು.

ಹೊರಡುವಾಗ ಅಕ್ಕ ಮೆಟ್ಟಿಲ ತನಕ ಬಂದರು. ತಾವು ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋದದ್ದು ಅವರನ್ನು ಕೊರೆಯುತ್ತಿತ್ತು.

"ಕೊನೇಲಿ ಏನಾದ್ರೂ ಅಂದ್ರಾ ಬ್ರದರ್?"

"ಎದೆ ಮೇಲೆ ನೀರು ನೋಡಿ, ಬೆವರಾ ಅಂತ ಕೇಳಿದ್ರು ಅಕ್ಕಾ."

"ನೀವೇನಂದ್ರಿ?"

"ಹೌದು ಅಂದೆ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಪಾಪ, ಮೂರು ವರ್ಷದಿಂದ ಅದನ್ನೇ ಕಾಯ್ತಾ ಇದ್ರು. ಒಂದಿನ ಬೆವರಿದ್ರೆ ಸಾಕು, ಸರಿಹೋಗ್ತಾ ಇದೀನಿ ಅಂತ ಅರ್ಥ ಅನ್ನೋರು. ಖುಷಿ ಆಗಿರುತ್ತೆ ಬಿಡಿ," ಎಂದರು.

ಅಂಕಿಗಳನ್ನು ಪುಸ್ತಕದಿಂದ ಇಳಿಸಿಕೊಂಡಿದ್ದೇನೆ. ಮಾತುಗಳನ್ನು ನೆನಪಿನಿಂದ ಬರೆದಿದ್ದೇನೆ. ನಾನು ನಿಜವಾಗಿ ಏನೆಂದೆ ಎಂಬುದನ್ನು ಕೇಳಿಸಿಕೊಂಡವರು ಇಬ್ಬರು. ಬಾಗಿಲಲ್ಲಿದ್ದ ಯಜಮಾನರು ಇದ್ದಾರೆ, ಅದೇ ಮನೆಯಲ್ಲಿ, ಅಕ್ಕನ ಜೊತೆ ಒಂದೇ ಸೂರಿನ ಕೆಳಗೆ. ಸ್ಟೂಲಿನ ಮೇಲಿದ್ದ ಮೆಕ್ಯಾನಿಕ್ ಇದ್ದಾನೆ. ಆ ಮನೆಗೆ ಈಗಲೂ ಬೇರೆ ಕೆಲಸಕ್ಕೆ ಹೋಗುತ್ತಾನೆ, ಅಕ್ಕ ಅವನಿಗೆ ಕಾಫಿ ಕೊಡುತ್ತಾರೆ. ಅವರಿಬ್ಬರೂ ಇಂದಿನವರೆಗೆ ಅದನ್ನು ಅಕ್ಕನಿಗೆ ಹೇಳಿಲ್ಲ.